ಅಪ್ಪನದು ಎ, ಅವ್ವನದು ಬಿ, ಮಗುವಿನದು ಓ: ರಕ್ತದ ಗುಂಪು ಇಳಿದು ಬರುವ ದಾರಿ

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ರಕ್ತತಜ್ಞರ ಸಮ್ಮೇಳನದಲ್ಲಿ ಕರ್ನಾಟಕದ ಹೆಸರು ಕೇಳಿಬಂತು. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಕೋಲಾರ ಕಡೆಯ 38 ವರ್ಷದ ಮಹಿಳೆಯೊಬ್ಬರ ರಕ್ತದಲ್ಲಿ, ಜಗತ್ತಿನಲ್ಲಿ ಅದುವರೆಗೆ ಯಾರಲ್ಲೂ ಕಾಣದ ಗುಣವೊಂದು ಪತ್ತೆಯಾಗಿತ್ತು. ಅವರ ಗುಂಪು ಓ ಪಾಸಿಟಿವ್. ಆದರೆ ಓ ಪಾಸಿಟಿವ್ ರಕ್ತದ ಒಂದು ಬಾಟ್ಲಿಯೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದವರು ಕುಟುಂಬದ 20 ಮಂದಿಯ ರಕ್ತ ತೆಗೆದು ನೋಡಿದರು, ಅದೂ ಹೊಂದಲಿಲ್ಲ. ವೈದ್ಯರು ರಕ್ತ ಏರಿಸದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿ ಬ್ರಿಟನ್ನಿನ ಬ್ರಿಸ್ಟಲ್‌ನ ಪ್ರಯೋಗಾಲಯಕ್ಕೆ ಹೋಯಿತು. ಸುಮಾರು ಹತ್ತು ತಿಂಗಳ ಶೋಧದ ಬಳಿಕ ಆ ಗುಣಕ್ಕೆ 'ಸಿಆರ್‌ಐಬಿ' ಎಂದು ಹೆಸರಿಟ್ಟರು. ಸಿಆರ್ ಅಂದರೆ ಕ್ರೋಮರ್ ಎಂಬ ರಕ್ತವರ್ಗ, ಐ ಅಂದರೆ ಇಂಡಿಯಾ, ಬಿ ಅಂದರೆ ಬೆಂಗಳೂರು.

ಸುದ್ದಿ ಓದಿದವರನ್ನು ಗೊಂದಲಕ್ಕೆ ಕೆಡವಿದ್ದು ಹೊಸ ಹೆಸರಲ್ಲ, ಆ ಇಪ್ಪತ್ತು ಮಂದಿ. ಮನೆಯವರಲ್ಲಿ ಒಬ್ಬರೂ ಹೊಂದುವುದಿಲ್ಲ ಎಂದರೆ ರಕ್ತಸಂಬಂಧ ಎನ್ನುವ ಮಾತಿಗೆ ಅರ್ಥವೇನು? ಅಪ್ಪ-ಅವ್ವನ ರಗತವೇ ಅಲ್ಲವೇ ಮಕ್ಕಳದು?

ಅಲ್ಲ. ಮಕ್ಕಳಿಗೆ ಬರುವುದು ತಂದೆ-ತಾಯಿಯ ರಕ್ತವೂ ಅಲ್ಲ, ಅವರ ಕಾರ್ಡಿನ ಮೇಲಿರುವ ಅಕ್ಷರವೂ ಅಲ್ಲ. ಆ ಅಕ್ಷರದ ಹಿಂದೆ ಇರುವ, ಹಲವು ಸಲ ಹೊರಗೆ ಕಾಣದೇ ಇರುವ ಜೋಡಿ ಜೀನುಗಳಲ್ಲಿ ಒಂದು. ಇದೊಂದು ತಿಳಿಯದೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಭಯ ಬೇಕಿಲ್ಲದ ಕಡೆ ಭಯವಿದೆ, ಎಚ್ಚರ ಬೇಕಾದ ಕಡೆ ಎಚ್ಚರವಿಲ್ಲ.

ಕೆಂಪು ಕಣದ ಮೇಲಿನ ಗುರುತು

ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸರಪಳಿಗಳಿರುತ್ತವೆ. ಈ ಸರಪಳಿಯ ಬುನಾದಿ ಭಾಗಕ್ಕೆ ಎಚ್ ಎಂದು ಹೆಸರು. ಎಚ್‌ನ ತುದಿಗೆ ಒಂದು ಬಗೆಯ ಸಕ್ಕರೆ ಸೇರಿದರೆ ಅದು ಎ ಗುಂಪು, ಇನ್ನೊಂದು ಬಗೆಯದು ಸೇರಿದರೆ ಬಿ, ಎರಡೂ ಬಗೆಯ ಸರಪಳಿಗಳಿದ್ದರೆ ಎಬಿ. ಏನೂ ಸೇರದೆ ಎಚ್ ಹಾಗೇ ಉಳಿದರೆ ಓ. ಸಕ್ಕರೆ ಸೇರಿಸುವ ಕಿಣ್ವವನ್ನು ತಯಾರಿಸುವ ಜೀನ್ ಇರುವುದು 9ನೇ ಕ್ರೋಮೊಸೋಮ್‌ನಲ್ಲಿ (ಕ್ರೋಮೊಸೋಮ್ ಎಂದರೆ ಜೀನುಗಳನ್ನು ಹೊತ್ತ ಎಳೆ). ಓ ಜೀನ್ ಸಾಮಾನ್ಯವಾಗಿ ಎ ಜೀನಿನದೇ ರೂಪ. ಜೀನಿನ ಬರಹದ ನಡುವೆ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಮುಂದಿನ ಬರಹವೆಲ್ಲ ಕೆಟ್ಟಿರುತ್ತದೆ, ಹಾಗಾಗಿ ಕಿಣ್ವ ಕೆಲಸ ಮಾಡುವುದಿಲ್ಲ.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಎ, ಬಿ, ಓ ಗುಂಪುಗಳನ್ನು ಗುರುತಿಸಿದರು. ಅದಕ್ಕೆ 1930ರಲ್ಲಿ ನೊಬೆಲ್ ಬಂತು. ಆದರೆ ಗುಂಪು ಮಕ್ಕಳಿಗೆ ಇಳಿಯುವ ಲೆಕ್ಕವನ್ನು ಸರಿಯಾಗಿ ಬಿಡಿಸಿದವರು ವೈದ್ಯರಲ್ಲ, ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಜರ್ಮನ್ ಗಣಿತಜ್ಞ, 1924ರಲ್ಲಿ.

ಎ, ಬಿ, ಓ ಒಂದು ವರ್ಗ ಮಾತ್ರ. ಪಾಸಿಟಿವ್-ನೆಗೆಟಿವ್ ಎನ್ನುವುದು ಆರ್‌ಎಚ್ ಎಂಬ ಇನ್ನೊಂದು ವರ್ಗ. ಇಂಥ ವರ್ಗಗಳು ಈವರೆಗೆ ನಲವತ್ತೈದಕ್ಕೂ ಹೆಚ್ಚು ಗೊತ್ತಾಗಿವೆ. ಕೋಲಾರದ ಮಹಿಳೆಯ ತೊಡಕು ಇದ್ದದ್ದು ಕ್ರೋಮರ್ ವರ್ಗದಲ್ಲಿ. ಉಳಿದವರೆಲ್ಲರಲ್ಲಿ ಇರುವ ಗುರುತೊಂದು ಅವರಲ್ಲಿ ಇರಲಿಲ್ಲ. ಹಾಗಾಗಿ ಬೇರೆಯವರ ರಕ್ತವೆಲ್ಲ ಅವರ ದೇಹಕ್ಕೆ ಹೊರಗಿನದಾಗಿ ಕಂಡಿತು. ಓ ಪಾಸಿಟಿವ್ ಎನ್ನುವುದು ನಲವತ್ತೈದು ಕಾಲಮ್ಮಿನ ಪಟ್ಟಿಯಲ್ಲಿ ಎರಡು ಕಾಲಮ್ಮಿಗೆ ಮಾತ್ರ ಉತ್ತರ.

ಎರಡು ಬೇಳೆಯ ಲೆಕ್ಕ

ತೊಗರಿ ಕಾಳನ್ನು ಒಡೆದರೆ ಎರಡು ಬೇಳೆ. ರಕ್ತದ ಗುಂಪಿನ ಜೀನ್ ಕೂಡ ಪ್ರತಿಯೊಬ್ಬರಲ್ಲೂ ಹೀಗೆ ಜೋಡಿಯಾಗಿದೆ: ಒಂದು ಬೇಳೆ ತಾಯಿಯದು, ಒಂದು ತಂದೆಯದು. ತಮ್ಮ ಮಗುವಿಗೆ ಕೊಡುವಾಗ ಎರಡನ್ನೂ ಕೊಡಲಾಗದು, ಒಂದನ್ನಷ್ಟೇ ಕೊಡುತ್ತಾರೆ. ಯಾವುದು ಹೋಗುತ್ತದೆ ಎನ್ನುವುದು ಚೀಟಿ ಎತ್ತಿದಂತೆ.

ಎ ಮತ್ತು ಬಿ ಎರಡಕ್ಕೂ ಸಮಾನ ಬಲ. ಅವು ಒಟ್ಟಿಗಿದ್ದರೆ ಎರಡೂ ಕಾಣುತ್ತವೆ. ಓ ಮಾತ್ರ ಪಕ್ಕದಲ್ಲಿ ಎ ಅಥವಾ ಬಿ ಇದ್ದರೆ ಮರೆಯಾಗುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಎ ಎಂದಿರುವವರ ಒಳಗೆ ಎಎ ಇರಬಹುದು, ಎಓ ಕೂಡ ಇರಬಹುದು. ಬಿ ಕತೆಯೂ ಅಷ್ಟೇ. ಓ ಎಂದರೆ ಓಓ, ಎಬಿ ಎಂದರೆ ಎಬಿ. ಈ ಎರಡರಲ್ಲಿ ಗುಟ್ಟಿಲ್ಲ.

ಈಗ ಅಪ್ಪ ಎಓ, ಅವ್ವ ಬಿಓ ಎಂದುಕೊಳ್ಳಿ. ಅಪ್ಪನ ಎ, ಅವ್ವನ ಬಿ ಕೂಡಿದರೆ ಮಗು ಎಬಿ. ಅಪ್ಪನ ಎ, ಅವ್ವನ ಓ ಕೂಡಿದರೆ ಎ. ಅಪ್ಪನ ಓ, ಅವ್ವನ ಬಿ ಕೂಡಿದರೆ ಬಿ. ಇಬ್ಬರ ಓ ಕೂಡಿದರೆ ಓ. ನಾಲ್ಕಕ್ಕೂ ನಾಲ್ಕರಲ್ಲೊಂದು ಪಾಲು. ಒಂದೇ ಮನೆಯ ನಾಲ್ಕು ಮಕ್ಕಳಿಗೆ ನಾಲ್ಕು ಗುಂಪು ಬರಬಹುದು, ನಾಲ್ವರದೂ ಓ ಆಗಬಹುದು. ನಾಲ್ಕರಲ್ಲೊಂದು ಪಾಲು ಎಂದರೆ ಮೂರು ಮಕ್ಕಳಾದ ಮೇಲೆ ನಾಲ್ಕನೆಯದಕ್ಕೆ ಅದು ಬಂದೇ ತೀರುತ್ತದೆ ಎಂದಲ್ಲ. ಪ್ರತಿ ಬಸಿರಿಗೂ ಚೀಟಿ ಹೊಸದಾಗಿಯೇ ಎತ್ತಬೇಕು.

ಇದೇ ದಾರಿಯಲ್ಲಿ ಆಗದ ಜೋಡಿಗಳೂ ತಿಳಿಯುತ್ತವೆ. ಇಬ್ಬರೂ ಓ ಆದರೆ ಮಕ್ಕಳೂ ಓ. ಒಬ್ಬರು ಎಬಿ, ಇನ್ನೊಬ್ಬರು ಓ ಆದರೆ ಮಕ್ಕಳು ಎ ಅಥವಾ ಬಿ, ಅಂದರೆ ಯಾವ ಮಗುವಿನ ಗುಂಪೂ ತಂದೆಯದೂ ಅಲ್ಲ, ತಾಯಿಯದೂ ಅಲ್ಲ. ಇಬ್ಬರಲ್ಲಿ ಒಬ್ಬರು ಎಬಿ ಇದ್ದರೆ ಓ ಮಗು ಹುಟ್ಟದು. ಇಬ್ಬರೂ ಎ ಆದರೆ ಎ ಅಥವಾ ಓ, ಬಿ ಬಾರದು. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಈ ಪಾಠವಿದೆ. ಅದನ್ನು ಓದಿ ಬಂದ ಮಕ್ಕಳು ಮನೆಯವರ ಕಾರ್ಡು ಮುಂದಿಟ್ಟುಕೊಂಡು ಲೆಕ್ಕ ಹಾಕುವುದು ಸಹಜ. ಲೆಕ್ಕ ತಪ್ಪಿತು ಎನಿಸಿದರೆ ಮೊದಲು ಪರೀಕ್ಷಿಸಬೇಕಾದದ್ದು ಕಾರ್ಡನ್ನು.

ಪಾಸಿಟಿವ್ ಜೋಡಿಗೆ ನೆಗೆಟಿವ್ ಮಗು

ಆರ್‌ಎಚ್ ವರ್ಗದ ಮುಖ್ಯ ಗುರುತಿಗೆ ಡಿ ಎಂದು ಹೆಸರು, ಅದರ ಜೀನ್ 1ನೇ ಕ್ರೋಮೊಸೋಮ್‌ನಲ್ಲಿದೆ. ಡಿ ಇರುವ ಒಂದು ಬೇಳೆ ಸಾಕು, ಪಾಸಿಟಿವ್. ಎರಡೂ ಬೇಳೆಯಲ್ಲಿ ಡಿ ಇಲ್ಲದಿದ್ದರೆ ಮಾತ್ರ ನೆಗೆಟಿವ್.

ನಮ್ಮ ದೇಶದಲ್ಲಿ ನೆಗೆಟಿವ್ ಇರುವವರು ನೂರಕ್ಕೆ ಐದರ ಆಸುಪಾಸು. ಆದರೆ ಡಿ ಇಲ್ಲದ ಒಂದು ಬೇಳೆಯನ್ನು ಗುಟ್ಟಾಗಿ ಹೊತ್ತ ಪಾಸಿಟಿವ್ ಜನ ಅದಕ್ಕಿಂತ ಎಷ್ಟೋ ಹೆಚ್ಚು. ನೂರಕ್ಕೆ ಐದು ಎಂಬುದರಿಂದ ಲೆಕ್ಕ ಹಾಕಿದರೆ, ಪಾಸಿಟಿವ್ ಇರುವ ಪ್ರತಿ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಹೀಗಿರುತ್ತಾರೆ. ಇಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವೂ ನೆಗೆಟಿವ್ ಆಗುವ ಸಾಧ್ಯತೆ ನಾಲ್ಕರಲ್ಲೊಂದು. ಆದ್ದರಿಂದ ಪಾಸಿಟಿವ್ ದಂಪತಿಗೆ ನೆಗೆಟಿವ್ ಮಗಳು ಹುಟ್ಟಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ತಿರುಗಿಸಿ ನೋಡಿದರೆ, ಇಬ್ಬರೂ ನಿಜವಾಗಿ ನೆಗೆಟಿವ್ ಇದ್ದಾಗ ಪಾಸಿಟಿವ್ ಮಗು ಆಗದು.

ಕಾರ್ಡೇ ತಪ್ಪಿದ್ದರೆ

ಶಾಲೆಯ ಐಡಿ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಶಿಬಿರದಲ್ಲಿ ಕೊಟ್ಟ ಚೀಟಿ, ಇವುಗಳಲ್ಲಿರುವ ಗುಂಪನ್ನು ಜನ ಪಹಣಿಯಷ್ಟೇ ನಂಬುತ್ತಾರೆ. ಆದರೆ ಶಿಬಿರಗಳಲ್ಲಿ ಹೆಚ್ಚಾಗಿ ನಡೆಯುವುದು ಸ್ಲೈಡ್ ಪರೀಕ್ಷೆ. ಗಾಜಿನ ಮೇಲೆ ಮೂರು ಹನಿ ರಕ್ತ. ಒಂದಕ್ಕೆ ನೀಲಿ ಬಣ್ಣದ ಆ್ಯಂಟಿ-ಎ ದ್ರಾವಣ, ಒಂದಕ್ಕೆ ಹಳದಿಯ ಆ್ಯಂಟಿ-ಬಿ, ಒಂದಕ್ಕೆ ಬಣ್ಣವಿಲ್ಲದ ಆ್ಯಂಟಿ-ಡಿ. ಕಲಕಿ ಎರಡು ನಿಮಿಷದೊಳಗೆ ನೋಡಬೇಕು. ಕಣಗಳು ಗುಂಪುಗೂಡಿ ಕಾಳುಕಾಳಾದರೆ ಆ ಗುರುತು ಇದೆ ಎಂದರ್ಥ.

ತಪ್ಪು ನುಸುಳುವ ಸಂದಿಗಳು ಹಲವು. ಎರಡು ನಿಮಿಷ ಮೀರಿದರೆ ಹನಿಯ ಅಂಚು ಒಣಗಿ ಕಾಳುಕಟ್ಟಿದಂತೆ ಕಾಣುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಭಾಗದಲ್ಲಿ ಹನಿ ಇನ್ನೂ ಬೇಗ ಒಣಗುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ದ್ರಾವಣದ ಬಾಟ್ಲಿ ದಿನವಿಡೀ ಮೇಜಿನ ಮೇಲಿದ್ದರೆ ಬಲ ಕಳೆದುಕೊಳ್ಳುತ್ತದೆ, ಆಗ ಎ ಇದ್ದವರೂ ಓ ಆಗಿ ಕಾಣಬಹುದು. ಸಾಲಿನಲ್ಲಿ ನಿಂತ ಇನ್ನೂರು ಮಕ್ಕಳಲ್ಲಿ ಇಬ್ಬರ ಚೀಟಿ ಅದಲುಬದಲಾದರೆ ಅದೂ ಅಷ್ಟೇ ಅನಾಹುತ. ಕೆಲವರಲ್ಲಿ ಡಿ ಗುರುತು ತೀರ ಮಂದವಾಗಿರುತ್ತದೆ. ಇದಕ್ಕೆ ವೀಕ್ ಡಿ ಎನ್ನುತ್ತಾರೆ. ಸ್ಲೈಡ್‌ನಲ್ಲಿ ನೆಗೆಟಿವ್ ಎಂದು ಬರೆದವರು ದೊಡ್ಡ ಲ್ಯಾಬ್‌ನಲ್ಲಿ ಪಾಸಿಟಿವ್ ಆಗುವುದು ಇದರಿಂದ.

ಹಸುಗೂಸಿನ ಪರೀಕ್ಷೆಯ ಮಾತೇ ಬೇರೆ. ಹುಟ್ಟಿದಾಗ ಎ, ಬಿ ಗುರುತುಗಳು ಪೂರ್ತಿ ಬಲಿತಿರುವುದಿಲ್ಲ. ರಕ್ತದ ದ್ರವಭಾಗದಲ್ಲಿರುವ ಪ್ರತಿಕಾಯಗಳು, ಅಂದರೆ ಹೊರಗಿನ ಗುರುತಿನ ಮೇಲೆ ಎರಗುವ ವಸ್ತುಗಳು, ತಾಯಿಯಿಂದ ಬಂದವು. ಮಗುವಿನ ಸ್ವಂತ ಪ್ರತಿಕಾಯ ಕಾಣಿಸಿಕೊಳ್ಳುವುದು ನಾಲ್ಕರಿಂದ ಆರು ತಿಂಗಳಾದ ಮೇಲೆ. ಆದ್ದರಿಂದ ಹೆರಿಗೆಯ ದಿನ ಬರೆದ ಗುಂಪನ್ನು ಆಮೇಲೆ ಮತ್ತೊಮ್ಮೆ ಖಚಿತ ಮಾಡಿಕೊಳ್ಳಬೇಕು. ಭರವಸೆಯ ಪರೀಕ್ಷೆ ಎಂದರೆ ರಕ್ತ ಕೇಂದ್ರದಲ್ಲಿ ಟ್ಯೂಬ್ ಅಥವಾ ಜೆಲ್ ಕಾರ್ಡ್‌ನಲ್ಲಿ ಎರಡು ಕಡೆಯಿಂದ ಮಾಡುವುದು: ಕಣದ ಮೇಲಿನ ಗುರುತು ಒಂದು ಕಡೆ, ದ್ರವದಲ್ಲಿನ ಪ್ರತಿಕಾಯ ಇನ್ನೊಂದು ಕಡೆ. ಎರಡೂ ಒಂದೇ ಉತ್ತರ ಹೇಳಬೇಕು.

ಸಂಶಯಕ್ಕೆ ಇದು ಸಾಕ್ಷಿಯೇ?

ಗುಂಪು ಹೊಂದಲಿಲ್ಲ ಎಂದು ಹೆಂಡತಿಯ ಮೇಲೆ ಸಂಶಯಪಡುವ ಮಾತು ಬಂದಾಗ ಎರಡು ವಾದ ಕೇಳುತ್ತವೆ. ವಿಜ್ಞಾನ ಇದೆಯಲ್ಲ, ಪರೀಕ್ಷೆ ಮಾಡಿಸಿಬಿಡಿ ಎನ್ನುವುದು ಒಂದು. ಮಗುವಿನ ಮಾನ ದೊಡ್ಡದು, ಕೆದಕಬೇಡಿ ಎನ್ನುವುದು ಇನ್ನೊಂದು.

ವಿಜ್ಞಾನದ ಮಿತಿ ಸ್ಪಷ್ಟವಿದೆ. ರಕ್ತದ ಗುಂಪು ಯಾರನ್ನೂ 'ಇವನೇ ತಂದೆ' ಎಂದು ತೋರಿಸಲಾರದು. ಬಿ ಗುಂಪಿನ ಗಂಡಸರು ಪ್ರತಿ ಊರಲ್ಲೂ ಬೇಕಾದಷ್ಟಿದ್ದಾರೆ. ಅದು ಹೆಚ್ಚೆಂದರೆ 'ಇವನಾಗಿರಲಾರ' ಎನ್ನಬಲ್ಲದು, ಅದೂ ಪರೀಕ್ಷೆ ಸರಿಯಿದ್ದು, ಮುಂದೆ ಹೇಳುವಂಥ ಅಪರೂಪದ ಗುಂಪು ಇಲ್ಲದಿದ್ದರೆ. ಕಾನೂನು ಮಗುವಿನ ಪರ ನಿಂತಿದೆ. ಮದುವೆ ಊರ್ಜಿತವಿದ್ದಾಗ ಹುಟ್ಟಿದ ಮಗು ಆ ಗಂಡನದೇ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮು ಹೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 112 ಆಗಿತ್ತು. ಗಂಡ-ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಅದು ಮುರಿಯುತ್ತದೆ. 1993ರ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಳಿದವರಿಗೆಲ್ಲ ರಕ್ತ ಪರೀಕ್ಷೆಗೆ ಆದೇಶ ಕೊಡಲಾಗದು ಎಂದಿತು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ನಿಲುವು. ಶಿಬಿರದ ಚೀಟಿಯೊಂದರ ಮೇಲೆ ಹೆಣ್ಣುಮಗಳ ಬಾಳು ನಿಲ್ಲಬಾರದು.

ಓ ಎಂದು ಬರೆದ, ಓ ಅಲ್ಲದ ರಕ್ತ

1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಜೊತೆಗಾರರು ವಿಚಿತ್ರವೊಂದನ್ನು ವರದಿ ಮಾಡಿದರು. ಕೆಲವರ ರಕ್ತ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತಿತ್ತು, ಆದರೆ ಓ ರಕ್ತವೂ ಅವರಿಗೆ ಹೊಂದುತ್ತಿರಲಿಲ್ಲ. ಅವರ ಸರಪಳಿಯಲ್ಲಿ ಎಚ್ ಬುನಾದಿಯೇ ಇರಲಿಲ್ಲ. ಅದೇ ಬಾಂಬೆ ಗುಂಪು. ಎಚ್ ತಯಾರಿಸುವ ಜೀನ್ 19ನೇ ಕ್ರೋಮೊಸೋಮ್‌ನಲ್ಲಿದೆ. ಅದರ ಎರಡೂ ಬೇಳೆ ಕೆಟ್ಟಿದ್ದರೆ, 9ನೇ ಕ್ರೋಮೊಸೋಮ್‌ನಲ್ಲಿ ಎ, ಬಿ ಜೀನ್ ಚೆನ್ನಾಗಿದ್ದರೂ ಸಕ್ಕರೆ ಅಂಟಿಸಲು ಜಾಗವಿಲ್ಲ. ಬುನಾದಿ ಇಲ್ಲದೆ ಗೋಡೆ ಏಳದು.

ಇದರಿಂದ ಆಗದ್ದು ಆದಂತೆ ಕಾಣುತ್ತದೆ. ಬಾಂಬೆ ಗುಂಪಿನ ತಾಯಿಯನ್ನು ಓ ಎಂದು ಬರೆದಿರುತ್ತಾರೆ, ತಂದೆಯೂ ಓ. ಆದರೆ ತಾಯಿಯೊಳಗೆ ಮರೆಯಾಗಿದ್ದ ಎ ಜೀನ್ ಮಗುವಿಗೆ ಇಳಿದು, ತಂದೆಯ ಕಡೆಯಿಂದ ಒಳ್ಳೆಯ ಎಚ್ ಬಂದು, ಮಗು ಎ ಆಗುತ್ತದೆ. ಕುಟುಂಬ ಒಡೆಯಲು ಇಷ್ಟು ಸಾಕು. ಕಾರಣ ಮಾತ್ರ ಪೂರಾ ಸಹಜವಾದದ್ದು.

ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನವರದೇ ರಕ್ತ ಬೇಕು. ಆ್ಯಂಟಿ-ಎ, ಆ್ಯಂಟಿ-ಬಿ ಮಾತ್ರ ಬಳಸುವ ಸ್ಲೈಡ್‌ನಲ್ಲಿ ಇದು ಸಿಕ್ಕಿಬೀಳದು. ಆ್ಯಂಟಿ-ಎಚ್ ಹಾಕಬೇಕು, ಇಲ್ಲವೇ ರೋಗಿಯ ಸೀರಂಗೆ (ರಕ್ತದ ದ್ರವಭಾಗಕ್ಕೆ) ಓ ಕಣಗಳನ್ನು ಸೇರಿಸಿ ನೋಡಬೇಕು. ಓ ಕಣವೂ ಕಾಳುಗಟ್ಟಿದರೆ ಅನುಮಾನ ಗಟ್ಟಿ. ಇದನ್ನು ಬಿಟ್ಟು ತುರ್ತಿನಲ್ಲಿ ಓ ರಕ್ತ ಏರಿಸಿದರೆ ಜೀವಕ್ಕೆ ಅಪಾಯ.

ಒಳಸಂಬಂಧದ ಮದುವೆ ಮತ್ತು ಗುಟ್ಟಿನ ಜೀನ್

ಅಪರೂಪದ ಗುಂಪು ಈ ಭಾಗಕ್ಕೆ ಏಕೆ ಮುಖ್ಯ ಎಂದರೆ, ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ-ಸೋದರಮಾವನ ಮಕ್ಕಳ ಮದುವೆ, ಮುಸ್ಲಿಂ ಮನೆಗಳಲ್ಲಿ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ನಿಕಾಹ್ ಇಲ್ಲಿ ಇನ್ನೂ ನಡೆಯುತ್ತವೆ. ಹೊಲ ಹೊರಗೆ ಹೋಗಬಾರದು, ಮಗಳು ಗೊತ್ತಿದ್ದ ಮನೆ ಸೇರಲಿ ಎಂಬ ಕಾರಣಗಳನ್ನು ಹಗುರವಾಗಿ ನೋಡುವಂತಿಲ್ಲ. ವೈದ್ಯರು ಬೇಡ ಎನ್ನುವುದಕ್ಕೂ ಲೆಕ್ಕವಿದೆ.

ಬಾಂಬೆ ಗುಂಪು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಎಂದು ಹಿಡಿದರೆ, ಕೆಟ್ಟ ಎಚ್ ಜೀನನ್ನು ಒಂದೇ ಬೇಳೆಯಲ್ಲಿ ಹೊತ್ತವರು ಐವತ್ತಕ್ಕೆ ಒಬ್ಬರು. ಒಬ್ಬ ಅಜ್ಜನಲ್ಲಿ ಅದು ಇತ್ತು ಎನ್ನಿ. ಮಗನಿಗೆ ಬಂದಿರುವ ಸಾಧ್ಯತೆ ಅರ್ಧ. ಮಗಳ ಮೂಲಕ ಮೊಮ್ಮಗಳಿಗೆ ಬಂದಿರುವ ಸಾಧ್ಯತೆ ಕಾಲು. ಆ ಮಗ ಅಕ್ಕನ ಮಗಳಾದ ಈ ಮೊಮ್ಮಗಳನ್ನೇ ಮದುವೆಯಾದರೆ ಇಬ್ಬರೂ ಹೊತ್ತಿರುವ ಸಾಧ್ಯತೆ ಎಂಟರಲ್ಲೊಂದು, ಮಗು ಬಾಂಬೆ ಗುಂಪಿನದಾಗುವ ಸಾಧ್ಯತೆ 32ರಲ್ಲೊಂದು. ಅದೇ ಮಗ ಸಂಬಂಧವಿಲ್ಲದ ಹೆಣ್ಣನ್ನು ತಂದರೆ ಅದು ಸುಮಾರು 400ರಲ್ಲೊಂದು. ಒಳಸಂಬಂಧ ಹೊಸ ದೋಷವನ್ನು ಹುಟ್ಟಿಸುವುದಿಲ್ಲ, ಬಳಗದಲ್ಲಿ ಚದುರಿದ್ದ ಒಂದೇ ಗುಟ್ಟಿನ ಎರಡು ಬೇಳೆಗಳನ್ನು ಒಂದೆಡೆ ತರುತ್ತದೆ. ಬಾಂಬೆ ಗುಂಪು ಸ್ವತಃ ರೋಗವಲ್ಲ. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆಗೂ ಇದೇ ಲೆಕ್ಕ ಅನ್ವಯಿಸುವುದರಿಂದ ಮಾತು ಗಂಭೀರವಾಗುತ್ತದೆ.

ಬಯೋಡಾಟಾದ ಭಯ

ಗಂಡು-ಹೆಣ್ಣಿನದು ಒಂದೇ ಗುಂಪಾದರೆ ಮಕ್ಕಳಾಗುವುದಿಲ್ಲ, ಆದರೂ ಅಂಗವಿಕಲರಾಗುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ. ಬಿ ಮತ್ತು ಓ ಗುಂಪಿನವರೇ ಹೆಚ್ಚಿರುವ ನಮ್ಮ ದೇಶದಲ್ಲಿ ಒಂದೇ ಗುಂಪಿನ ದಂಪತಿ ಕೋಟಿಗಟ್ಟಲೆ ಇದ್ದಾರೆ. ಸಂಬಂಧದಲ್ಲಿ ಮದುವೆ ಬೇಡ ಎಂಬ ವೈದ್ಯರ ಮಾತೂ ಒಂದೇ ರಕ್ತದ ಗುಂಪು ಎಂಬ ಮಾತೂ ಬಾಯಿಂದ ಬಾಯಿಗೆ ಬೆರೆತು ಈ ಭಯ ಹುಟ್ಟಿದಂತಿದೆ. ಬಯೋಡಾಟಾದಲ್ಲಿ ಗುಂಪು ಬರೆಯುವುದರಿಂದ ಉಪಯೋಗ ಒಂದಿದೆ, ಹುಡುಗಿ ನೆಗೆಟಿವ್ ಇದ್ದರೆ ಮುಂಚೆಯೇ ಗೊತ್ತಾಗುತ್ತದೆ. ಅದು ಸಂಬಂಧ ಮುರಿಯಲು ಕಾರಣವಲ್ಲ, ಒಂದು ಇಂಜೆಕ್ಷನ್ ನೆನಪಿಡಲು ಕಾರಣ.

ನೆಗೆಟಿವ್ ತಾಯಿ, ತವರಿನ ಹೆರಿಗೆ

ಎಚ್ಚರ ತಪ್ಪಿದರೆ ಜೀವ ಹೋಗುವ ಜಾಗ ಇದು. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದರೆ ಮಗು ಪಾಸಿಟಿವ್ ಆಗುವ ಸಾಧ್ಯತೆ ಹೆಚ್ಚು. ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹಕ್ಕೆ ಡಿ ಪರಕೀಯ, ಅದರ ವಿರುದ್ಧ ಪ್ರತಿಕಾಯ ತಯಾರಾಗುತ್ತದೆ. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗದು, ಏಕೆಂದರೆ ಪ್ರತಿಕಾಯ ಸಿದ್ಧವಾಗುವ ಹೊತ್ತಿಗೆ ಅದು ಹುಟ್ಟಿಯಾಗಿರುತ್ತದೆ. ಪೆಟ್ಟು ಬೀಳುವುದು ಮುಂದಿನ ಪಾಸಿಟಿವ್ ಮಗುವಿಗೆ. ಪ್ರತಿಕಾಯ ಮಾಸು ದಾಟಿ ಹೋಗಿ ಅದರ ಕೆಂಪು ಕಣಗಳನ್ನು ಒಡೆಯುತ್ತದೆ. ರಕ್ತಹೀನತೆ, ಮೈಬಾವು, ಹುಟ್ಟಿದೊಡನೆ ತೀವ್ರ ಕಾಮಾಲೆ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾವು. ಮೊದಲನೆಯದು ಸರಿಯಾಯಿತು, ಎರಡನೆಯದಕ್ಕೆ ಯಾರ ದೃಷ್ಟಿ ತಾಗಿತೋ ಎಂದು ಮನೆಯವರು ಕೊರಗುವುದರ ಹಿಂದೆ ಹಲವು ಸಲ ಇದೇ ಇರುತ್ತದೆ.

ತಡೆಯುವ ಮದ್ದು ಆ್ಯಂಟಿ-ಡಿ ಇಂಜೆಕ್ಷನ್. ಮೊದಲ ತಪಾಸಣೆಯಲ್ಲೇ ತಾಯಿಯ ಗುಂಪು ನೋಡಬೇಕು. ನೆಗೆಟಿವ್ ಬಂದರೆ ಗಂಡನ ಗುಂಪು, ಜೊತೆಗೆ ತಾಯಿಯಲ್ಲಿ ಪ್ರತಿಕಾಯ ಆಗಲೇ ಹುಟ್ಟಿದೆಯೇ ಎಂದು ತಿಳಿಯಲು ಐಸಿಟಿ ಎಂಬ ಪರೀಕ್ಷೆ. ಅದು ನೆಗೆಟಿವ್ ಇದ್ದರೆ 28ನೇ ವಾರದಲ್ಲಿ 300 ಮೈಕ್ರೋಗ್ರಾಂ. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯ ರಕ್ತದಿಂದ ಮಗುವಿನ ಗುಂಪು ನೋಡಿ, ಪಾಸಿಟಿವ್ ಆದರೆ 72 ಗಂಟೆಯೊಳಗೆ ಮತ್ತೆ 300 ಮೈಕ್ರೋಗ್ರಾಂ. ಈ ಪ್ರಮಾಣ ಮಗುವಿನ ಸುಮಾರು 30 ಮಿ.ಲೀ. ರಕ್ತವನ್ನು, ತಾಯಿಯ ದೇಹ ಗುರುತಿಸುವ ಮುನ್ನವೇ, ತೆರವು ಮಾಡಬಲ್ಲದು. ಗರ್ಭಪಾತವಾದರೂ, ಬಸುರಿಯ ಹೊಟ್ಟೆಗೆ ಪೆಟ್ಟು ಬಿದ್ದರೂ, ನಡುವೆ ರಕ್ತಸ್ರಾವವಾದರೂ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಪ್ರತಿಕಾಯ ಒಮ್ಮೆ ಹುಟ್ಟಿತೆಂದರೆ ಇದರಿಂದ ಉಪಯೋಗವಿಲ್ಲ. ಆ ಮೇಲೆ ಪ್ರತಿ ಬಸಿರೂ ದೊಡ್ಡ ದವಾಖಾನೆಯ ಕಣ್ಣಳತೆಯಲ್ಲೇ ನಡೆಯಬೇಕು.

ಇಲ್ಲಿಯ ಬದುಕಿನ ಕ್ರಮದಲ್ಲಿ ಇದು ಕೈತಪ್ಪುವ ಬಗೆ ಹೀಗೆ. ತಪಾಸಣೆ ಗಂಡನ ಊರಲ್ಲಿ, ಚೊಚ್ಚಲ ಹೆರಿಗೆ ತವರಲ್ಲಿ. ಗಂಡ ದುಡಿಯಲಿಕ್ಕೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗಿರುತ್ತಾನೆ, ಅವನ ಗುಂಪು ಯಾರಿಗೂ ಗೊತ್ತಿಲ್ಲ. 28ನೇ ವಾರ ಹೆಚ್ಚಾಗಿ ಕುಪ್ಪಸ (ಸೀಮಂತ), ತವರಿನ ಓಡಾಟದ ನಡುವೆಯೇ ಬರುತ್ತದೆ. ತಾಯಿ ಕಾರ್ಡ್ ಅತ್ತೆಮನೆಯ ಟ್ರಂಕಿನಲ್ಲಿ ಉಳಿದರೆ ತವರಿನ ದವಾಖಾನೆಯವರಿಗೆ ಏನೂ ತಿಳಿಯದು. ಹೆರಿಗೆಯಾದ ಎರಡನೇ ದಿನ ಮನೆಗೆ ಕಳಿಸಿದರೆ 72 ಗಂಟೆ ಮುಗಿಯಲು ಉಳಿಯುವುದು ಒಂದೇ ದಿನ. ಗಂಡ ಇರುವ ಊರಿನ ಯಾವುದೇ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ ವರದಿಯ ಫೋಟೊ ಕಳಿಸಬಹುದು. ಆಶಾ ಕಾರ್ಯಕರ್ತೆಯಿಂದ ಅದನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಕಾರ್ಡನ್ನು ಬಸುರಿಯ ಕೈಯಲ್ಲೇ ಕೊಟ್ಟು ಕಳಿಸಬೇಕು. ಗಂಡನ ಗುಂಪು ಗೊತ್ತೇ ಆಗದಿದ್ದರೆ ಅವನನ್ನು ಪಾಸಿಟಿವ್ ಎಂದೇ ಎಣಿಸಿ ಇಂಜೆಕ್ಷನ್ ಕೊಡುವುದು ಕ್ಷೇಮ. ಮೂರು ದಿನ ಕಳೆದುಹೋಯಿತು ಎಂದು ಕೈಚೆಲ್ಲದೆ ಆಗಲೂ ವೈದ್ಯರ ಬಳಿ ಹೋಗಬೇಕು, ತಡವಾಗಿ ಕೊಟ್ಟರೂ ಒಂದಿಷ್ಟು ರಕ್ಷಣೆ ಸಿಗುತ್ತದೆ.

ತಾಯಿ ಓ, ಮಗು ಎ ಅಥವಾ ಬಿ ಆದಾಗಲೂ ಕಾಮಾಲೆ ಬರುವುದುಂಟು, ಸಾಮಾನ್ಯವಾಗಿ ಇದು ಸೌಮ್ಯ. ಆದರೆ ಹುಟ್ಟಿದ 24 ಗಂಟೆಯೊಳಗೇ ಕೂಸು ಹಳದಿ ತಿರುಗಿದರೆ ಎಳೆಬಿಸಿಲಿಗೆ ಹಿಡಿದು ಕಾಯುತ್ತ ಕೂರಬಾರದು, ಅಂದೇ ದವಾಖಾನೆಗೆ ಒಯ್ಯಬೇಕು.

ಹೊಂದುವ ರಕ್ತ ಹುಡುಕುವುದು ಎಲ್ಲಿಂದ

ಕೋಲಾರದ ಸುದ್ದಿಗೆ ಮರಳಿದರೆ, ಇಂಥ ಅಪರೂಪದ ಗುಣಕ್ಕೆ ಎರಡೂ ಬೇಳೆ ಒಂದೇ ಆಗಿರಬೇಕು. ತಂದೆ-ತಾಯಿಯಲ್ಲಿ ಒಂದೊಂದೇ ಇದ್ದರೆ ಅವರ ರಕ್ತ ಮಗಳಿಗೆ ಹೊಂದುವುದಿಲ್ಲ. ಹೊಂದುವ ಸಾಧ್ಯತೆ ಹೆಚ್ಚಿರುವುದು ಒಡಹುಟ್ಟಿದವರಲ್ಲಿ, ಅದೂ ಪ್ರತಿಯೊಬ್ಬರಿಗೆ ನಾಲ್ಕರಲ್ಲೊಂದು. ಆದ್ದರಿಂದ ಕ್ರಾಸ್‌ಮ್ಯಾಚ್, ಅಂದರೆ ದಾನಿಯ ರಕ್ತವನ್ನು ರೋಗಿಯ ರಕ್ತದೊಂದಿಗೆ ಬೆರೆಸಿ ನೋಡುವ ಪರೀಕ್ಷೆ, ಪದೇಪದೇ ಹೊಂದದಿದ್ದರೆ ಊರೆಲ್ಲ ದಾನಿಗಳನ್ನು ಕರೆಸುವ ಮುನ್ನ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ಪರೀಕ್ಷಿಸಬೇಕು. ಶಸ್ತ್ರಚಿಕಿತ್ಸೆ ತುರ್ತಿನದಲ್ಲದಿದ್ದರೆ ಮತ್ತು ರೋಗಿಯ ಹಿಮೋಗ್ಲೋಬಿನ್ ಚೆನ್ನಾಗಿದ್ದರೆ ಅವರದೇ ರಕ್ತವನ್ನು ಮುಂಚಿತವಾಗಿ ತೆಗೆದಿಡುವ ದಾರಿಯೂ ಇದೆ. ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ಅಪರೂಪದ ಒಂದು ಬಾಟ್ಲಿ ಅಲ್ಲಿಂದ ತಣ್ಣಗೆ ಬಂದು ಮುಟ್ಟಲು ಒಂದು ದಿನ ಬೇಕೆಂದೇ ಇಟ್ಟುಕೊಳ್ಳಬೇಕು. ಹಿಂದೊಮ್ಮೆ ರಕ್ತ ಹೊಂದದೆ ಹೋಗಿದ್ದರೆ, ಆ ರಕ್ತ ಕೇಂದ್ರದವರು ಬರೆದುಕೊಟ್ಟ ಚೀಟಿಯನ್ನು ಮುಂದಿನ ಪ್ರತಿ ದವಾಖಾನೆಯಲ್ಲೂ ಎಲ್ಲಕ್ಕಿಂತ ಮೊದಲು ತೋರಿಸಬೇಕು.